ನೊರೆನೀರಿನ ಕನೂ: ದುರಸ್ತಿ ಮತ್ತು ಸಜ್ಜು

ಎರಡು ತುದಿಗಳಲ್ಲಿಯೂ ಚೂಪಾಗಿ, ನಡುವೆ ಅಗಲವಾಗಿ, ಮೇಲ್ಭಾಗ ತೆರೆದಿದ್ದು, ಒಂದೇ ಅಲಗಿನ ಹುಟ್ಟಿನಿಂದ ನಡೆಯುವ ಹಗುರವಾದ ದೋಣಿಗೆ ಕನೂ ಎಂದು ಹೆಸರು. ಉತ್ತರ ಅಮೆರಿಕದ ಮೂಲನಿವಾಸಿಗಳಿಂದ ಜಗತ್ತಿಗೆ ದೊರೆತ ಈ ದೋಣಿಯ ಪ್ರಭೇದಗಳಲ್ಲಿ, ಬಂಡೆಗಳ ನಡುವೆ ಇಳಿಜಾರಿನಲ್ಲಿ ನುಗ್ಗಿ ನೊರೆಗಟ್ಟಿ ಹರಿಯುವ ನದೀಭಾಗಗಳಿಗೆಂದೇ ರೂಪುಗೊಂಡದ್ದು ನೊರೆನೀರಿನ ಕನೂ. ಸರೋವರದ ಕನೂವಿಗೆ ನೇರವಾಗಿ ಓಡುವುದು ಮುಖ್ಯವಾದುದರಿಂದ ಅದು ನೀಳವಾಗಿಯೂ ತಳದಲ್ಲಿ ಸಪಾಟಾಗಿಯೂ ಇರುತ್ತದೆ. ನೊರೆನೀರಿನ ಕನೂವಿಗೆ ಕ್ಷಣಾರ್ಧದಲ್ಲಿ ತಿರುಗುವುದು ಮುಖ್ಯವಾದುದರಿಂದ ಅದರ ತಳ ಎರಡು ತುದಿಗಳ ಕಡೆಗೂ ತೊಟ್ಟಿಲಿನ ಅಡಿಯಂತೆ ಮೇಲಕ್ಕೆ ಬಾಗಿರುತ್ತದೆ, ಅಲೆ ಒಳನುಗ್ಗದಿರಲೆಂದು ಪಾರ್ಶ್ವಗಳು ಎತ್ತರವಾಗಿರುತ್ತವೆ. ಮೇಲೆ ಮುಚ್ಚಿಗೆಯುಳ್ಳ, ಕಾಲು ಚಾಚಿ ಕುಳಿತು ಎರಡಲಗಿನ ಹುಟ್ಟಿನಿಂದ ನಡೆಸುವ ಕಯಾಕ್ ಬೇರೆ. ಸ್ಪರ್ಧೆಗಳಲ್ಲಿ ಬಳಸುವ ಮುಚ್ಚಿದ ಕನೂ ಕೂಡ ಬೇರೆ. ಈ ಲೇಖನ ತೆರೆದ ಕನೂವನ್ನು ಕುರಿತದ್ದು.

ಕಾರ್ಖಾನೆಯಿಂದ ಹೊರಬಿದ್ದಾಗ ಇಂಥ ದೋಣಿ ಬಹುಮಟ್ಟಿಗೆ ಬರಿಯ ಚಿಪ್ಪು. ಅದರೊಳಗೆ ಮಂಡಿಯೂರುವ ಸ್ಥಾನವನ್ನೂ, ತೊಡೆಗಳನ್ನು ಬಿಗಿಯುವ ಪಟ್ಟಿಗಳನ್ನೂ, ನೀರು ತುಂಬದಂತೆ ತಡೆಯುವ ಗಾಳಿಚೀಲಗಳನ್ನೂ, ಹಿಡಿಯುವ ಹಗ್ಗಗಳನ್ನೂ ಏರ್ಪಡಿಸುವ ಕೆಲಸಕ್ಕೆ ಸಜ್ಜು ಎಂದೂ, ಬಂಡೆಗೆ ಬಡಿದು ಸೀಳಿದ, ಮಡಿಸಿಕೊಂಡ, ಸವೆದ ಒಡಲನ್ನು ಸರಿಪಡಿಸುವುದಕ್ಕೆ ದುರಸ್ತಿ ಎಂದೂ ಹೇಳುವುದು ವಾಡಿಕೆ. ಎರಡನ್ನೂ ಬೇರೆ ಬೇರೆ ಕಸುಬುಗಳೆಂದು ಎಣಿಸುವವರುಂಟಾದರೂ, ದೋಣಿ ಒಡೆಯುವ ಕಾರಣಗಳನ್ನು ಪರಿಶೀಲಿಸಿದವರಿಗೆ ಇವೆರಡೂ ಒಂದೇ ವಿದ್ಯೆಯ ಎರಡು ಮುಖಗಳೆಂಬುದು ಸ್ಪಷ್ಟವಾಗುತ್ತದೆ. ಏಕೆಂದರೆ ಒಳಗೆ ನೀರು ತುಂಬದ ದೋಣಿ ಬಂಡೆಯಿಂದ ಬಂಡೆಗೆ ಪುಟಿಯುತ್ತ ಹೋಗುತ್ತದೆಯೇ ಹೊರತು ಸಾಮಾನ್ಯವಾಗಿ ಮುರಿಯುವುದಿಲ್ಲ.

ಪೂರ್ವೇತಿಹಾಸ

ಕನೂವಿನ ದುರಸ್ತಿ ಕನೂವಿನಷ್ಟೇ ಪ್ರಾಚೀನವಾದುದು. ಸೇಂಟ್ ಲಾರೆನ್ಸ್ ನದಿ ಮತ್ತು ಮಹಾಸರೋವರಗಳ ಪ್ರಾಂತದಲ್ಲಿ ವಾಸಿಸುತ್ತಿದ್ದ ಆಲ್ಗಾಂಕಿಯನ್ ಭಾಷಾವರ್ಗದ ಜನರು ಭೂರ್ಜವೃಕ್ಷದ ತೊಗಟೆಯನ್ನು ದೊಡ್ಡ ಹಾಳೆಗಳಾಗಿ ಸುಲಿದು, ಒಳಗೆ ಬಿಳಿಯ ಸೀಡರ್ ಮರದ ತೆಳುಹಲಗೆಗಳನ್ನೂ ಬಾಗಿಸಿದ ಪಕ್ಕೆಲುಬುಗಳನ್ನೂ ಇರಿಸಿ, ಸ್ಪ್ರೂಸ್ ಮರದ ಸೀಳುಬೇರುಗಳಿಂದ ಹೊಲಿದು, ಹೊಲಿಗೆಯ ಮೇಲೆ ಅದೇ ಮರದ ರಾಳವನ್ನು ಪ್ರಾಣಿಗಳ ಕೊಬ್ಬು ಮತ್ತು ಇದ್ದಲಿನ ಪುಡಿಯೊಡನೆ ಕಾಯಿಸಿ ಮೆತ್ತುತ್ತಿದ್ದರು. ಕೊಬ್ಬು ಕಡಿಮೆಯಾದರೆ ರಾಳ ಚಳಿಗೆ ಬಿರಿಯುತ್ತಿತ್ತು. ಹೆಚ್ಚಾದರೆ ಬಿಸಿಲಿಗೆ ಹರಿದುಹೋಗುತ್ತಿತ್ತು. ಈ ಪ್ರಮಾಣಜ್ಞಾನವೇ ಕಸುಬುದಾರನ ಬಂಡವಾಳ. ತುಂಗಭದ್ರೆಯ ದಡದಲ್ಲಿ ಬಿದಿರ ಹೆಣಿಗೆಯ ಹರಿಗೋಲಿಗೆ ಹೊದಿಕೆ ಹರಿದಲ್ಲಿ ತೇಪೆಯಿಟ್ಟು ಡಾಂಬರು ಬಳಿಯುವುದನ್ನು ಕಂಡವರಿಗೆ ಈ ಪದ್ಧತಿ ತೀರ ಅಪರಿಚಿತವೆನಿಸದು.

1603ರಲ್ಲಿ ಫ್ರೆಂಚ್ ಅನ್ವೇಷಕ ಸಾಮ್ಯುಯೆಲ್ ದ ಶಾಂಪ್ಲೇನನು ಇಂದಿನ ಮಾಂಟ್ರಿಯಲ್ ಬಳಿಯ ಲಾಶೀನ್ ರಭಸದ ಹರಿವಿನ ಮುಂದೆ ತನ್ನ ದೋಣಿಯನ್ನು ಮುಂದಕ್ಕೊಯ್ಯಲಾರದೆ ನಿಂತು, ಈ ತೊಗಟೆಯ ದೋಣಿಗಳ ನೆರವಿಲ್ಲದೆ ಆ ದೇಶದ ಒಳನಾಡನ್ನು ಕಾಣಲಾಗದೆಂದು ಮನಗಂಡನು. ಅನಂತರದ ಎರಡು ಶತಮಾನಗಳ ತುಪ್ಪಳದ ವ್ಯಾಪಾರ ಬಹುಮಟ್ಟಿಗೆ ಇವುಗಳ ಮೇಲೆಯೇ ನಡೆಯಿತು. ಮಾಂಟ್ರಿಯಲ್‌ನಿಂದ ಹೊರಡುತ್ತಿದ್ದ ದೊಡ್ಡ ಕನೂಗಳು ಸುಮಾರು 11 ಮೀಟರ್ ಉದ್ದವಿದ್ದು ಟನ್‌ಗಟ್ಟಲೆ ಸರಕನ್ನು ಹೊರುತ್ತಿದ್ದವು. ಅಷ್ಟು ಭಾರ ಹೊತ್ತ ತೊಗಟೆ ಒಂದು ಚೂಪುಗಲ್ಲಿಗೆ ತಾಗಿದರೂ ಸೀಳುತ್ತಿದ್ದುದರಿಂದ, ಪ್ರತಿಯೊಂದು ಕನೂವಿನಲ್ಲಿಯೂ ತೊಗಟೆಯ ಸುರುಳಿ, ಬೇರಿನ ಕಟ್ಟು, ರಾಳದ ಗಡಿಗೆ ಇರಲೇಬೇಕಾಗಿತ್ತು. ಸಂಜೆ ಬೀಡುಬಿಟ್ಟ ಮೇಲೆ ದೋಣಿಯನ್ನು ಕವಿಚಿ ಸಂದುಗಳಿಗೆ ರಾಳ ಮೆತ್ತುವುದು ಅಡುಗೆಯಷ್ಟೇ ನಿತ್ಯದ ಕೆಲಸವಾಗಿತ್ತು. ಈ ವಿದ್ಯೆ ಅಳಿದುಹೋಗದಂತೆ ನೋಡಿಕೊಂಡವರಲ್ಲಿ ಎಡ್ವಿನ್ ಟ್ಯಾಪನ್ ಆಡ್ನಿ (1868–1950) ಪ್ರಮುಖನು. ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ಮೂಲನಿವಾಸಿ ಕುಶಲಿಗಳಿಂದ ಕಲಿತು, ನಾನಾ ಬುಡಕಟ್ಟುಗಳ ಕನೂಗಳನ್ನು ಐದರಲ್ಲೊಂದು ಪ್ರಮಾಣದ ಮಾದರಿಗಳಾಗಿ ನಿರ್ಮಿಸಿದ ಈತನ ಟಿಪ್ಪಣಿಗಳನ್ನು ಹೊವರ್ಡ್ ಚಾಪೆಲ್ ಕ್ರಮಗೊಳಿಸಲಾಗಿ, ಅವು 1964ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯಿಂದ ಗ್ರಂಥರೂಪದಲ್ಲಿ ಹೊರಬಂದವು.

ತೊಗಟೆಯ ದೋಣಿ ದುರ್ಬಲವಾಗಿತ್ತು, ನಿಜ. ಆದರೆ ಅದು ಒಡೆದ ಸ್ಥಳದಲ್ಲಿಯೇ, ಸುತ್ತಲಿನ ಅಡವಿಯಿಂದಲೇ, ಅದನ್ನು ಮತ್ತೆ ಕಟ್ಟಬಹುದಾಗಿತ್ತು. ಅಂದಿನಿಂದ ಇಂದಿನವರೆಗಿನ ಕನೂ ನಿರ್ಮಾಣದ ಪರಂಪರೆಯನ್ನೆಲ್ಲ ಅವಲೋಕಿಸಿದರೆ, ಒಡಲಿನ ಗಟ್ಟಿತನ ಹೆಚ್ಚುತ್ತ ಬಂದಂತೆ ಅದನ್ನು ಸರಿಪಡಿಸುವ ಸೌಲಭ್ಯ ಕುಗ್ಗುತ್ತ ಬಂದಿರುವುದು ಕಾಣುತ್ತದೆ. ಈ ವಿನಿಮಯ ಲಾಭದಾಯಕವೇ ಎಂಬ ವಿಷಯದಲ್ಲಿ ಬಳಕೆದಾರರಿಗೆ ಏಕಾಭಿಪ್ರಾಯವಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ತೊಗಟೆಯ ಬದಲು ಬಣ್ಣ ಬಳಿದ ಕ್ಯಾನ್ವಾಸ್ ಬಟ್ಟೆಯನ್ನು ಸೀಡರ್ ಒಡಲಿನ ಮೇಲೆ ಬಿಗಿಯುವ ಪದ್ಧತಿ ರೂಢಿಗೆ ಬಂದಿತು. ಮೇನ್‌ನ ಓಲ್ಡ್ ಟೌನ್ ಕಂಪನಿಯೂ ಕೆನಡದ ಫ್ರೆಡರಿಕ್ಟನ್ ನಗರದ ಚೆಸ್ಟ್‌ನಟ್ ಕಂಪನಿಯೂ ಇದರಿಂದ ಖ್ಯಾತಿ ಪಡೆದವು. ಇಂಥ ಕನೂವಿನ ದುರಸ್ತಿ ಮರಗೆಲಸವೇ ಸರಿ. ಮುರಿದ ಪಕ್ಕೆಲುಬನ್ನು ತೆಗೆದು, ಹೊಸ ಪಟ್ಟಿಯನ್ನು ಹಬೆಯಲ್ಲಿ ಬೇಯಿಸಿ ಬಾಗಿಸಿ, ಹಿತ್ತಾಳೆಯ ಸಣ್ಣ ಮೊಳೆಗಳನ್ನು ಹೊರಗಿನಿಂದ ಹೊಡೆಯುತ್ತ ಒಳಗಿನಿಂದ ಕಬ್ಬಿಣದ ಅಡೆಯನ್ನು ಒತ್ತಿ ಹಿಡಿದರೆ ಮೊಳೆಯ ತುದಿ ತಾನೇ ಹಿಂದಕ್ಕೆ ಮಡಿದು ಮರದಲ್ಲಿ ಹೂತುಕೊಳ್ಳುತ್ತದೆ. ಬಟ್ಟೆ ಜೀರ್ಣವಾದಾಗ ಹೊಸದನ್ನು ಹೊದಿಸಿ, ಅಗಸೆ ಎಣ್ಣೆ ಮತ್ತು ಸಿಲಿಕಾ ಪುಡಿಯ ಲೇಪದಿಂದ ನೇಯ್ಗೆಯ ರಂಧ್ರಗಳನ್ನು ತುಂಬಿ, ವಾರಗಟ್ಟಲೆ ಒಣಗಲು ಬಿಡಬೇಕು. ಶ್ರದ್ಧೆಯುಳ್ಳವನ ಕೈಯಲ್ಲಿ ಇಂಥ ಕನೂ ತಲೆಮಾರುಗಳ ಕಾಲ ಬಾಳುತ್ತದೆ. ನೊರೆನೀರಿನಲ್ಲಿ ಮಾತ್ರ ಅದು ಒಂದು ಮಧ್ಯಾಹ್ನದಲ್ಲಿ ಸೌದೆಯಾಗಬಹುದು.

ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಗ್ರಮನ್ ವಿಮಾನ ಕಾರ್ಖಾನೆಯವರು ಅಲ್ಯೂಮಿನಿಯಂ ಕನೂವನ್ನು ತಯಾರಿಸಿದರು. ಎರಡು ಅರ್ಧಗಳನ್ನು ಅಚ್ಚಿನ ಮೇಲೆ ಎಳೆದು, ನಡುಗೆರೆಯಲ್ಲಿ ರಿವೆಟ್ ಹೊಡೆದು ಕೂಡಿಸಿದ ಈ ದೋಣಿ ಮಳೆ ಬಿಸಿಲುಗಳಿಗೆ ಜಗ್ಗದು. ತಗ್ಗಾದರೆ ರಬ್ಬರ್ ಸುತ್ತಿಗೆಯಿಂದ ಬಡಿದು ಎಬ್ಬಿಸಬಹುದು. ಸೀಳಿದರೆ ತಗಡಿನ ತೇಪೆಯ ಅಡಿಗೆ ರಬ್ಬರ್ ಹಾಳೆಯಿಟ್ಟು ರಿವೆಟ್ ಹೊಡೆಯಬಹುದು. ಆದರೆ ಬಂಡೆಯ ಮೇಲೆ ಅದು ಜಾರುವುದಿಲ್ಲ, ಕಚ್ಚಿ ನಿಲ್ಲುತ್ತದೆ. ನೊರೆನೀರಿಗೆ ಅದು ಒಗ್ಗದಿದ್ದುದಕ್ಕೆ ಇದೊಂದೇ ಕಾರಣ ಸಾಕು.

ರಾಯಲೆಕ್ಸ್ ಯುಗ

1970ರ ದಶಕದಲ್ಲಿ ಅಮೆರಿಕದಲ್ಲಿ ನೊರೆನೀರಿನ ವಿಹಾರ ಹಠಾತ್ತನೆ ಜನಪ್ರಿಯವಾಯಿತು. ಜೇಮ್ಸ್ ಡಿಕಿಯ ಕಾದಂಬರಿಯನ್ನಾಧರಿಸಿದ ‘ಡೆಲಿವರೆನ್ಸ್’ ಚಲನಚಿತ್ರ 1972ರಲ್ಲಿ ತೆರೆಕಂಡ ಮೇಲೆ, ಅದು ಚಿತ್ರೀಕರಣಗೊಂಡ ಚಟೂಗಾ ನದಿಗೆ ಅನುಭವವಿಲ್ಲದ ಜನರೂ ಗುಂಪುಗುಂಪಾಗಿ ಬರತೊಡಗಿದರು. ಚಿತ್ರದಲ್ಲಿ ಕನೂ ಯಾತ್ರೆ ದುರಂತದಲ್ಲಿ ಪರ್ಯವಸಾನವಾಗುವುದನ್ನು ನೋಡಿಯೂ ಅವರು ಹೊರಟುಬಂದದ್ದು ಮನುಷ್ಯಸ್ವಭಾವದ ವೈಚಿತ್ರ್ಯ. ಅದೇ ಕಾಲದಲ್ಲಿ ಯೂನಿರಾಯಲ್ ಕಂಪನಿಯ ರಾಯಲೆಕ್ಸ್ ಎಂಬ ಪದರಹಾಳೆ ಕನೂ ನಿರ್ಮಾತೃಗಳ ಕೈಗೆ ಬಂದಿತು. ಟೆನೆಸೀ ರಾಜ್ಯದ ಬ್ಲೂ ಹೋಲ್, ವರ್ಮಾಂಟ್ ರಾಜ್ಯದ ಮ್ಯಾಡ್ ರಿವರ್ ಮೊದಲಾದ ಸಂಸ್ಥೆಗಳು ಅದರಿಂದ ರೂಪಿಸಿದ ಕನೂಗಳು ಮುಂದಿನ ನಾಲ್ಕು ದಶಕಗಳ ಕಾಲ ನದಿಗಳನ್ನು ಆಳಿದವೆಂದರೆ ತಪ್ಪಾಗದು.

ರಾಯಲೆಕ್ಸಿನ ರಚನೆಯನ್ನು ತಿಳಿಯದೆ ಅದರ ದುರಸ್ತಿ ಸಾಧ್ಯವಿಲ್ಲ. ನಡುವೆ ನೊರೆಗಟ್ಟಿಸಿದ ಎ.ಬಿ.ಎಸ್. ಪ್ಲಾಸ್ಟಿಕ್ಕಿನ ಹಗುರ ತಿರುಳು. ಅದರ ಎರಡು ಕಡೆಗೂ ಗಟ್ಟಿ ಎ.ಬಿ.ಎಸ್. ಪದರ; ಅದರ ಮೇಲೆ, ಒಳಗೂ ಹೊರಗೂ, ಬಿಸಿಲನ್ನು ತಡೆಯುವ ತೆಳುವಾದ ವಿನೈಲ್ ಚರ್ಮ. ತಿರುಳಿನಲ್ಲಿ ಗಾಳಿ ಸೆರೆಯಾಗಿರುವುದರಿಂದ ಒಡಲು ತಾನೇ ತೇಲುತ್ತದೆ. ಬಂಡೆಗೆ ಬಡಿದಾಗ ತಗ್ಗಿ ಮತ್ತೆ ಉಬ್ಬುತ್ತದೆ. ಮಡಿಸಿಕೊಂಡ ದೋಣಿಯನ್ನು ಬಿಸಿಲಲ್ಲಿ ಬಿಟ್ಟರೆ ಬಹುಮಟ್ಟಿಗೆ ತನ್ನ ಮೊದಲಿನ ಆಕಾರವನ್ನು ನೆನೆದುಕೊಂಡಂತೆ ಹಿಂದಿರುಗುತ್ತದೆ. ಉಳಿದ ತಗ್ಗುಗಳನ್ನು ಬಿಸಿಗಾಳಿಯ ಉಪಕರಣದಿಂದ ಮೆಲ್ಲನೆ ಕಾಯಿಸಿ ಒಳಗಿನಿಂದ ಒತ್ತಿ ಎಬ್ಬಿಸಬಹುದಾದರೂ, ಶಾಖ ಮಿತಿಮೀರಿದರೆ ತಿರುಳು ಮತ್ತಷ್ಟು ನೊರೆಗಟ್ಟಿ ಬೊಕ್ಕೆಯೇಳುತ್ತದೆ. ಆ ಬೊಕ್ಕೆಗೆ ಚಿಕಿತ್ಸೆಯಿಲ್ಲ.

ಸೀಳಿನ ದುರಸ್ತಿಗೆ ಒಂದು ನಿಶ್ಚಿತ ಕ್ರಮವುಂಟು. ಮೊದಲು ಸೀಳಿನ ಎರಡು ಕೊನೆಗಳನ್ನು ಗುರುತಿಸಿ ಅಲ್ಲಿ ಬೈರಿಗೆಯಿಂದ ಸಣ್ಣ ರಂಧ್ರ ಕೊರೆಯಬೇಕು. ಒತ್ತಡವೆಲ್ಲ ಸೀಳಿನ ಚೂಪಾದ ತುದಿಯಲ್ಲಿ ಕೇಂದ್ರೀಕರಿಸುವುದರಿಂದ, ಆ ತುದಿಯನ್ನು ದುಂಡಾಗಿಸದೆ ಮೇಲೆ ಎಷ್ಟು ಅಂಟು ಬಳಿದರೂ ಬಿರುಕು ಅಡಿಯಲ್ಲಿ ಮುಂದುವರಿಯುತ್ತಲೇ ಇರುತ್ತದೆ. ಅನಂತರ ಸೀಳಿನ ಅಂಚುಗಳನ್ನು ಇಳಿಜಾರಾಗಿ ಕೆತ್ತಿ ತೋಡಾಗಿಸಿ, ಸುತ್ತಲಿನ ವಿನೈಲ್ ಚರ್ಮವನ್ನು ಮರಳುಕಾಗದದಿಂದ ಉಜ್ಜಿ ತೆಗೆದು ಎ.ಬಿ.ಎಸ್. ಪದರವನ್ನು ತೋರುವಂತೆ ಮಾಡಬೇಕು. ಶುಚಿಗೊಳಿಸುವುದಕ್ಕೆ ಸ್ಪಿರಿಟ್ಟು ಸಾಕು, ಅಸಿಟೋನ್ ಎ.ಬಿ.ಎಸ್.ಅನ್ನು ಕರಗಿಸುತ್ತದೆ. ಆಮೇಲೆ ತೋಡನ್ನು ದಪ್ಪಗೊಳಿಸಿದ ಎಪಾಕ್ಸಿಯಿಂದ ತುಂಬಿ, ಅದರ ಮೇಲೆ ಬಟ್ಟೆಯ ತೇಪೆಗಳನ್ನು ಒಂದಕ್ಕಿಂತ ಒಂದು ದೊಡ್ಡದಾಗಿರುವಂತೆ ರಾಳದಲ್ಲಿ ನೆನೆಸಿ ಕೂರಿಸಬೇಕು. ಫೈಬರ್‌ಗ್ಲಾಸ್ ಕೆಲಸಕ್ಕೆ ಅಗ್ಗವಾಗಿ ಸಿಗುವ ಪಾಲಿಯೆಸ್ಟರ್ ರಾಳವನ್ನು ಇಲ್ಲಿ ಬಳಸಬಾರದು, ಅದು ಎ.ಬಿ.ಎಸ್. ಮೇಲೆ ಸರಿಯಾಗಿ ಕಚ್ಚುವುದಿಲ್ಲ.

ಯಾವ ಬಟ್ಟೆ ಎಲ್ಲಿಗೆ ಎಂಬುದು ಅನೇಕರು ಉಪೇಕ್ಷಿಸುವ ಅಂಶ. ಬಂಡೆ ಹೊರಗಿನಿಂದ ಗುದ್ದಿದಾಗ ಒಡಲಿನ ಹೊರಮೈ ಸಂಕುಚನಕ್ಕೂ ಒಳಮೈ ಕರ್ಷಣಕ್ಕೂ ಗುರಿಯಾಗುತ್ತದೆ. 1965ರಲ್ಲಿ ಡ್ಯುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞೆ ಸ್ಟೆಫನಿ ಕ್ವೋಲೆಕ್ ಅವರ ಸಂಶೋಧನೆಯಿಂದ ಜನಿಸಿದ ಕೆವ್ಲಾರ್ ಎಳೆ ಕರ್ಷಣದಲ್ಲಿ ಅಸಾಧಾರಣ ಬಲವುಳ್ಳದ್ದು, ಸಂಕುಚನದಲ್ಲಿ ದುರ್ಬಲ. ಗಾಜಿನೆಳೆಯಾದರೋ ಎರಡರಲ್ಲಿಯೂ ನೆಚ್ಚತಕ್ಕದ್ದು. ಆದುದರಿಂದ ಒಳಗೆ ಕೆವ್ಲಾರ್, ಹೊರಗೆ ಗಾಜಿನ ಬಟ್ಟೆ ಎಂಬುದು ವಿಹಿತ ಕ್ರಮ. ಇದಕ್ಕೆ ಇನ್ನೊಂದು ಕಾರಣವೂ ಇದೆ: ಕೆವ್ಲಾರನ್ನು ಮರಳುಕಾಗದದಿಂದ ಉಜ್ಜಿದರೆ ಅದು ನಯವಾಗುವ ಬದಲು ಕಂಬಳಿಯಂತೆ ನೂಲೇಳುತ್ತದೆ, ಹೊರಮೈಯಲ್ಲಿ ಅದು ಹಿತವಲ್ಲ. ಸೀಳು ಚಿಕ್ಕದೆಂದು ಹೊರಗಿನ ತೇಪೆಯೊಂದರಿಂದಲೇ ತೃಪ್ತರಾಗುವವರು ಅಂದವನ್ನು ಗಳಿಸುತ್ತಾರೆ, ಬಲವನ್ನು ಕಳೆದುಕೊಳ್ಳುತ್ತಾರೆ. ಭಾರವನ್ನು ಹೊರುವುದು ಒಳಗಿನ ತೇಪೆ.

ಚಳಿದೇಶಗಳ ರಾಯಲೆಕ್ಸ್ ಕನೂಗಳಿಗೆ ನದಿಗೆ ಸಂಬಂಧವೇ ಇಲ್ಲದ ಒಂದು ವ್ಯಾಧಿಯುಂಟು. ದೋಣಿಯ ಮೇಲಂಚಿನುದ್ದಕ್ಕೂ ಒಳಗೂ ಹೊರಗೂ ಆಶ್ ಮರದ ಪಟ್ಟಿಗಳನ್ನು ತಿರುಪುಮೊಳೆಗಳಿಂದ ಬಿಗಿದಿರುತ್ತಾರೆ. ಚಳಿಗಾಲದಲ್ಲಿ ಉಷ್ಣತೆ 50 ಡಿಗ್ರಿಗಳಷ್ಟು ಇಳಿದರೆ, 5 ಮೀಟರ್ ಉದ್ದದ ಎ.ಬಿ.ಎಸ್. ಒಡಲು ಸುಮಾರು ಎರಡು ಸೆಂಟಿಮೀಟರ್ ಕುಗ್ಗಲು ಹವಣಿಸುತ್ತದೆ. ಮರದ ಪಟ್ಟಿ ಉದ್ದಕ್ಕೆ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಕುಗ್ಗುವುದಿಲ್ಲ. ತಿರುಪುಗಳು ಇವೆರಡನ್ನೂ ಕಟ್ಟಿಹಾಕಿರುವುದರಿಂದ ಒಡಲು ತಿರುಪಿನ ರಂಧ್ರದಿಂದ ಕೆಳಕ್ಕೆ, ಗುಂಡು ಹೊಡೆದಂಥ ಸದ್ದಿನೊಡನೆ, ಸೀಳುತ್ತದೆ. ಪ್ರತಿ ತುದಿಯಿಂದ ಕೆಲವು ತಿರುಪುಗಳನ್ನು ಶರತ್ಕಾಲದಲ್ಲಿಯೇ ಸಡಿಲಿಸಿಟ್ಟು ವಸಂತದಲ್ಲಿ ಮತ್ತೆ ಬಿಗಿಯುವುದು ಇದಕ್ಕೆ ಪರಿಹಾರ. ಹತ್ತು ನಿಮಿಷದ ಕೆಲಸ. ಅದನ್ನು ಮರೆತವರಿಂದಲೇ ದುರಸ್ತಿಯ ಅಂಗಡಿಗಳು ವಸಂತಾರಂಭದಲ್ಲಿ ತುಂಬುತ್ತವೆ.

ಸವೆತ ಮೊದಲು ಕಾಣಿಸಿಕೊಳ್ಳುವುದು ಮೂತಿ ಮತ್ತು ಬಾಲಗಳ ಅಡಿಯಲ್ಲಿ. ಅಲ್ಲಿಗೆ ಕೆವ್ಲಾರ್ ಕಂಬಳಿಯ ದಪ್ಪ ತುಂಡೊಂದನ್ನು ರಾಳದಲ್ಲಿ ಅದ್ದಿ ಮೆತ್ತುವ ಪದ್ಧತಿ ಬಹುಕಾಲ ನಡೆದುಬಂದಿದೆ. ಅದು ಬಾಳಿಕೆಯದೇ, ಆದರೆ ಭಾರ, ಒರಟು, ನೀರನ್ನು ಸೀಳಬೇಕಾದ ಮೂತಿಯನ್ನೇ ಮೊಂಡಾಗಿಸುವಂಥದು. ಹೊಸ ದೋಣಿಗೆ ಇದನ್ನು ಮುಂಜಾಗ್ರತೆಯಾಗಿ ಹಚ್ಚುವುದು ಅನಾವಶ್ಯಕ ಆಡಂಬರವೆಂದೇ ಹೇಳಬೇಕು. ವಿನೈಲ್ ಸವೆದು ಅಡಿಯ ಪದರ ಇಣುಕತೊಡಗಿದಾಗ ತೆಳುವಾದ ಗಾಜಿನ ಬಟ್ಟೆಯನ್ನೋ ಡೈನೆಲ್ ಬಟ್ಟೆಯನ್ನೋ ಎಪಾಕ್ಸಿಯಲ್ಲಿ ಹಚ್ಚಿ ಅಂಚುಗಳನ್ನು ನಯವಾಗಿ ಇಳಿಸಿದರೆ ಸಾಕು.

ಇನ್ನುಳಿದ ಒಡಲುಗಳನ್ನು ಸಂಕ್ಷೇಪವಾಗಿ ಹೇಳಬಹುದು. ಗಾಜಿನೆಳೆ ಅಥವಾ ಕೆವ್ಲಾರಿನ ರಾಳದೊಡಲುಗಳು ಹಗುರವಾದವು, ಬೇಗ ಒಡೆಯುವಂಥವು, ಆದರೆ ಕುರುಹಿಲ್ಲದಂತೆ ಕೂಡಿಸಬಲ್ಲಂಥವು. ಮುರಿದ ಭಾಗದ ಸುತ್ತ ಪದರಗಳನ್ನು ದಪ್ಪದ ಹನ್ನೆರಡು ಪಟ್ಟು ಅಗಲದ ಇಳಿಜಾರಾಗಿ ಉಜ್ಜಿ, ಆ ಇಳಿಜಾರಿನ ಮೇಲೆ ಹೊಸ ಪದರಗಳನ್ನು ಕೂರಿಸುವುದು ಉತ್ತಮ ಸಂಪ್ರದಾಯ. ಅಚ್ಚಿನಲ್ಲಿ ತಿರುಗಿಸಿ ಎರಕಹೊಯ್ದ ಪಾಲಿಎಥಿಲೀನ್ ಒಡಲುಗಳು ಇದಕ್ಕೆ ವಿರುದ್ಧ ಸ್ವಭಾವದವು. ಅವು ಒಡೆಯುವುದು ವಿರಳ, ಆದರೆ ಆ ಪ್ಲಾಸ್ಟಿಕ್ಕಿನ ಮೇಣದಂಥ ಮೈಗೆ ಯಾವ ಅಂಟೂ ಸುಲಭವಾಗಿ ಹತ್ತುವುದಿಲ್ಲ. ಮೈಯ ಮೇಲೆ ಅನಿಲದ ನೀಲಿ ಜ್ವಾಲೆಯನ್ನು ಕ್ಷಣಮಾತ್ರ ಹಾಯಿಸಿ, ಮೇಲ್ಪದರವನ್ನು ಆಕ್ಸಿಡೀಕರಿಸಿದ ಕೂಡಲೆ ಬಾಗುವ ಗುಣವುಳ್ಳ ವಿಶೇಷ ಎಪಾಕ್ಸಿಯನ್ನು ಹಚ್ಚಿದರೆ ತಕ್ಕಮಟ್ಟಿಗೆ ಹಿಡಿಯುತ್ತದೆ. ಸರಳ ಪಾಲಿಎಥಿಲೀನನ್ನು ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯಿಂದ ಬೆಸೆಯಬಹುದು. ಅಣುಸರಪಣಿಗಳು ಅಡ್ಡಡ್ಡಲಾಗಿ ಹೆಣೆದುಕೊಂಡ ಬಗೆಯದು ಕರಗುವುದೇ ಇಲ್ಲವಾದುದರಿಂದ ಬೆಸುಗೆಗೂ ಒಲಿಯದು.

ಪಾಲಿಒನ್ ಸಂಸ್ಥೆ 2013ರಲ್ಲಿ ರಾಯಲೆಕ್ಸ್ ತಯಾರಿಸುತ್ತಿದ್ದ ಕಂಪನಿಯನ್ನು ಕೊಂಡು, ಮರುವರ್ಷ ಅದರ ತಯಾರಿಕೆಯನ್ನು ನಿಲ್ಲಿಸಿತು. ಕ್ವಿಬೆಕ್ ಪ್ರಾಂತದ ಎಸ್ಕ್ವಿಫ್ ಸಂಸ್ಥೆ ಟಿ-ಫಾರ್ಮೆಕ್ಸ್ ಎಂಬ ಹೆಸರಿನಿಂದ ಅದೇ ಬಗೆಯ ಪದರಹಾಳೆಯನ್ನು ಪುನಃ ಸೃಷ್ಟಿಸಿದೆಯಾದರೂ, ಹಳೆಯ ರಾಯಲೆಕ್ಸ್ ಒಡಲುಗಳನ್ನು ಉಳಿಸಿಕೊಳ್ಳುವ ಕೌಶಲಕ್ಕೆ ಅಂದಿನಿಂದ ಹೊಸ ಗೌರವ ಬಂದಿದೆ.

ಸಜ್ಜು

ತೆರೆದ ಕನೂವಿನ ಪರಮಶತ್ರು ಬಂಡೆಯಲ್ಲ, ಒಳಗೆ ತುಂಬಿದ ನೀರು. 16 ಅಡಿಯ ಕನೂ ಪೂರ್ತಿ ತುಂಬಿದರೆ ಅದರ ಒಳಗಣ ನೀರಿನ ತೂಕವೇ ಒಂದು ಟನ್ನಿನ ಸಮೀಪಕ್ಕೆ ಬರುತ್ತದೆ. ಆ ತೂಕ ಹರಿವಿನ ವೇಗದಲ್ಲಿ ಬಂಡೆಗೆ ಅಪ್ಪಳಿಸುತ್ತದೆ. ಅಡ್ಡಲಾಗಿ ಸಿಕ್ಕಿಕೊಂಡರಂತೂ, ಹರಿವಿನ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಸೆಕೆಂಡಿಗೆ 3 ಮೀಟರ್ ಹರಿಯುವ ನೀರು 2 ಚದರ ಮೀಟರ್ ಒಡಲಿನ ಮೇಲೆ ಒಂದು ಟನ್ನಿನಷ್ಟು ಬಲವನ್ನು ಎಡೆಬಿಡದೆ ಹಾಕುತ್ತದೆ, ದೋಣಿ ಬಂಡೆಯ ಸುತ್ತ ಬಟ್ಟೆಯಂತೆ ಸುತ್ತಿಕೊಳ್ಳುತ್ತದೆ. ನೀರು ನಿಲ್ಲುವ ಸ್ಥಳವನ್ನೇ ಗಾಳಿಯಿಂದ ಆಕ್ರಮಿಸುವುದು ಇದಕ್ಕೆ ಉಪಾಯ. ನದಿಗಳ ಕ್ಲಿಷ್ಟತೆಯನ್ನು ಒಂದರಿಂದ ಆರರವರೆಗೆ ಎಣಿಸುವ ಅಂತರರಾಷ್ಟ್ರೀಯ ಮಾನದಲ್ಲಿ ಮೂರನೆಯ ದರ್ಜೆಗೆ ಏರುವವನು ಗಾಳಿಚೀಲವಿಲ್ಲದೆ ಹೊರಡಬಾರದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಸಜ್ಜಿನ ಸಾಮಗ್ರಿಗಳಲ್ಲಿ ಒಂದನ್ನೇ ಕೊಳ್ಳಲು ಹಣವಿದ್ದರೆ ಅದು ಗಾಳಿಚೀಲವಾಗಿರಬೇಕು.

ಚೀಲಗಳು ವಿನೈಲಿನವು ಅಥವಾ ಯುರಿಥೇನ್ ಲೇಪಿಸಿದ ನೈಲಾನಿನವು. ಮೊದಲಿನವು ಅಗ್ಗ, ಎರಡನೆಯವು ಹಗುರ ಮತ್ತು ಬಾಳಿಕೆಯವು. ಒಬ್ಬನೇ ಸವಾರನ ಕನೂವಿನಲ್ಲಿ ಮೂತಿಯಿಂದ ಅವನ ಮಂಡಿಗಳವರೆಗೆ ಒಂದು, ಬೆನ್ನಿನಿಂದ ಬಾಲದವರೆಗೆ ಒಂದು. ಬರಿದೆ ತುರುಕಿಟ್ಟ ಚೀಲ ದೋಣಿ ಮೊದಲ ಸಲ ಮಗುಚಿದಾಗಲೇ ಹೊರಬಿದ್ದು ತೇಲಿಹೋಗುತ್ತದೆ. ಅದನ್ನು ಸೆರೆಹಿಡಿಯಲು ಮೇಲಂಚಿನ ಕೆಳಗೆ ಗೇಣಿಗಿಂತ ಕಡಿಮೆ ಅಂತರದಲ್ಲಿ ರಂಧ್ರಗಳನ್ನು ಕೊರೆದು, ಅವುಗಳ ಮೂಲಕ ತೆಳು ನೈಲಾನ್ ಹುರಿಯನ್ನು ಒಂದು ಪಾರ್ಶ್ವದಿಂದ ಇನ್ನೊಂದಕ್ಕೆ ಅಂಕುಡೊಂಕಾಗಿ ಹಾಯಿಸಿ ಮಂಚದ ಹುರಿಯಂತೆ ಬಿಗಿಯಬೇಕು. ಜೊತೆಗೆ ನೆಲಕ್ಕೆ ಅಂಟಿಸಿದ ಉಂಗುರದಿಂದ ಮೇಲಿನ ಅಡ್ಡಪಟ್ಟಿಗೆ ಒಂದು ಪಟ್ಟಿಯನ್ನು ಕಟ್ಟಿ, ಚೀಲ ಒಳಗಿನಿಂದ ಜಾರದಂತೆ ತಡೆಯಬೇಕು. ದಡದಲ್ಲಿ ಬಿಸಿಲಿಗೆ ದೋಣಿಯನ್ನು ಬಿಡುವಾಗ ಚೀಲದ ಗಾಳಿಯನ್ನು ಸ್ವಲ್ಪ ಸಡಿಲಿಸತಕ್ಕದ್ದು. ತಣ್ಣೀರಿನಲ್ಲಿ ಬಿಗಿಯಾಗಿದ್ದ ಗಾಳಿ ಬಿಸಿಲಿಗೆ ಹಿಗ್ಗಿ ಹೊಲಿಗೆಯನ್ನು ಒಡೆಯುತ್ತದೆ. ದೋಣಿಯನ್ನು ವಾಹನದ ಮೇಲೆ ಹೇರಿ ಬೆಟ್ಟವೇರುವಾಗಲೂ ಇದೇ ಅಪಾಯ.

ನೊರೆನೀರಿನ ಕನೂಸವಾರ ಕುಳಿತುಕೊಳ್ಳುವುದಿಲ್ಲ, ಮಂಡಿಯೂರುತ್ತಾನೆ. ಅವನ ಮಂಡಿಗಳು ಒಡಲಿನ ಎರಡು ಅಂಚುಗಳಿಗೆ ಹರಡಿ ನಿಂತು, ನಿತಂಬ ನಡುವಿನ ಜೀನಿನ ಮೇಲೆ ಒರಗುವುದರಿಂದ, ಮೂರು ಬಿಂದುಗಳಲ್ಲಿ ಅವನು ದೋಣಿಗೆ ಬಂಧಿತನಾಗುತ್ತಾನೆ. ಜೀನು ಮುಚ್ಚಿದ ಕಣಗಳ ಗಟ್ಟಿ ಫೋಮಿನದು. ನೀರನ್ನು ಹೀರುವ ಹಾಸಿಗೆಯ ಫೋಮು ಇಲ್ಲಿ ನಿರುಪಯೋಗಿ. ಜೀನಿನ ಎತ್ತರವನ್ನು ನಿರ್ಧರಿಸುವುದೇ ಸಜ್ಜಿನ ಅತ್ಯಂತ ಸೂಕ್ಷ್ಮ ಭಾಗ. ಅದು ತಗ್ಗಿದಷ್ಟೂ ಗುರುತ್ವಕೇಂದ್ರ ಕೆಳಗಿಳಿದು ದೋಣಿ ಸ್ಥಿರವಾಗುತ್ತದೆ, ಆದರೆ ಮಡಿಚಿದ ಮಂಡಿ ಮತ್ತು ಹಿಮ್ಮಡಿಗಳಲ್ಲಿ ರಕ್ತಸಂಚಾರ ಕುಂಠಿತವಾಗಿ ಕಾಲು ಜೋಮುಗಟ್ಟುತ್ತದೆ. ಎತ್ತರವಾದಷ್ಟೂ ಕಾಲಿಗೆ ಸುಖ, ದೋಣಿಗೆ ಅಸ್ಥಿರತೆ. ಎತ್ತರವಾಗಿ ಆರಂಭಿಸಿ, ನದಿಯಲ್ಲಿ ಪರೀಕ್ಷಿಸುತ್ತ ಸ್ವಲ್ಪಸ್ವಲ್ಪವೇ ಕೊಯ್ದು ಇಳಿಸುವುದು ಬಲ್ಲವರ ಪದ್ಧತಿ. ಕೊಯ್ದ ಫೋಮನ್ನು ಮತ್ತೆ ಸೇರಿಸಿದರೆ ಆ ಗಟ್ಟಿತನ ಬರುವುದಿಲ್ಲ. ಹಿಂದುಮುಂದಿನ ಸ್ಥಾನವನ್ನು ಅಳತೆಯ ಪಟ್ಟಿಯಿಂದ ನಿರ್ಧರಿಸುವುದಕ್ಕಿಂತ, ಜೀನನ್ನು ಅಂಟಿಸದೆ ಬಿಡಿಯಾಗಿಟ್ಟು ನಿಶ್ಚಲವಾದ ನೀರಿನಲ್ಲಿ ಕುಳಿತು, ದಡದಲ್ಲಿ ನಿಂತ ಸಂಗಡಿಗನಿಂದ ಮೂತಿ ಬಾಲಗಳ ಮಟ್ಟವನ್ನು ನೋಡಿಸಿ, ಸಮವಾದಲ್ಲಿ ಗುರುತು ಹಾಕುವುದು ಲೇಸು.

ಅಂಟಿಸುವ ಕೆಲಸದಲ್ಲಿ ಅವಸರವೇ ಸರ್ವನಾಶ. ಎರಡು ಮೈಗಳಿಗೂ ಕಾಂಟ್ಯಾಕ್ಟ್ ಅಂಟನ್ನು ತೆಳುವಾಗಿ ಬಳಿದು, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಇನ್ನೊಂದು ಲೇಪ ಕೊಟ್ಟು, ಅದೂ ಒಣಗಿದ ಬಳಿಕ ಮಾತ್ರ ಒಂದರ ಮೇಲೊಂದನ್ನು ಇಟ್ಟು ಬಲವಾಗಿ ಒತ್ತಬೇಕು. ಒಮ್ಮೆ ತಾಗಿದರೆ ಸರಿಸಲು ಬಾರದು. ಪಟ್ಟಿಗಳನ್ನು ಹಿಡಿಯುವ ಡಿ-ಆಕಾರದ ಉಂಗುರಗಳು ವಿನೈಲ್ ತುಂಡುಗಳ ಮೇಲೆ ಹೊಲಿಯಲ್ಪಟ್ಟು ಬರುತ್ತವೆ. ಇವಕ್ಕೆ ವಿನೈಲಿಗೆಂದೇ ತಯಾರಾದ ಅಂಟನ್ನು ಬಳಸಬೇಕು, ಏಕೆಂದರೆ ಸಾಮಾನ್ಯ ಅಂಟು ವಿನೈಲಿನ ಎಣ್ಣೆಯಂಶದಿಂದ ಕೆಲವೇ ತಿಂಗಳುಗಳಲ್ಲಿ ಮೆತ್ತಗಾಗುತ್ತದೆ. ಈ ಅಂಟುಗಳ ಆವಿ ವಿಷ, ಜ್ವಲನಶೀಲ. ಮುಚ್ಚಿದ ಕೋಣೆಯಲ್ಲಿ ದೋಣಿಯೊಳಗೆ ತಲೆಯಿಟ್ಟು ಕೆಲಸ ಮಾಡುವವನು ತಲೆಸುತ್ತಿನಿಂದ ಆರಂಭಿಸಿ ಇನ್ನೂ ದೂರ ಹೋಗಬಹುದು. ಎಪಾಕ್ಸಿಯಾದರೋ ಚರ್ಮದ ಮೂಲಕ ಅಪಕಾರ ಮಾಡುತ್ತದೆ: ವರ್ಷಗಟ್ಟಲೆ ಬರಿಗೈಯಲ್ಲಿ ಬಳಸಿದವನಿಗೆ ಒಂದು ದಿನ ತುರಿಕೆ ಹುಟ್ಟಿದರೆ ಅದು ಆಜೀವ ಪರ್ಯಂತ ಉಳಿಯುವ ಸಂಭವವುಂಟು. ಕೈಗವಸು, ಉಜ್ಜುವಾಗ ಮೂಗಿನ ಮೇಲೆ ಧೂಳುಮುಖವಾಡ, ತೆರೆದ ಬಾಗಿಲು, ಇವು ಐಚ್ಛಿಕವಲ್ಲ.

ತೊಡೆಪಟ್ಟಿಗಳ ವಿಷಯದಲ್ಲಿ ಎಷ್ಟು ಎಚ್ಚರವಿದ್ದರೂ ಸಾಲದು. ಸುಮಾರು 5 ಸೆಂಟಿಮೀಟರ್ ಅಗಲದ ಪಟ್ಟಿಗಳು ಪಾರ್ಶ್ವದ ಉಂಗುರದಿಂದ ಹೊರಟು ತೊಡೆಯ ಮೇಲೆ ಹಾದು ಜೀನಿನ ಬುಡದ ಉಂಗುರಕ್ಕೆ ಸೇರುತ್ತವೆ. ಇವುಗಳ ನೆರವಿಲ್ಲದೆ, ಮಗುಚಿದ ದೋಣಿಯನ್ನು ನೀರಿನೊಳಗಿನಿಂದಲೇ ಹೊರಳಿಸಿ ಎಬ್ಬಿಸುವ ವಿದ್ಯೆ ತೆರೆದ ಕನೂವಿನಲ್ಲಿ ಅಸಾಧ್ಯ. ಆದರೆ ಸವಾರನನ್ನು ದೋಣಿಯಲ್ಲಿ ಹಿಡಿದಿಡುವ ಪಟ್ಟಿ, ಅವನು ಬಿಡಿಸಿಕೊಳ್ಳಬೇಕಾದ ಕ್ಷಣದಲ್ಲಿಯೂ ಹಿಡಿದಿಟ್ಟರೆ ಕೊಲ್ಲುತ್ತದೆ. ಆದಕಾರಣ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಬಂಧ ಇರತಕ್ಕದ್ದು. ಪಾದಗಳನ್ನು ಆನಿಸುವ ಗೂಟಗಳು ಬೂಟನ್ನು ಕಚ್ಚಿಹಿಡಿಯದಂತಿರತಕ್ಕದ್ದು. ಆಸನದ ಹಲಗೆಯುಳ್ಳ ಹಳೆಯ ಕನೂಗಳಲ್ಲಿ ಹಲಗೆಯ ಕೆಳಗೆ ಪಾದ ಸಿಕ್ಕಿಕೊಳ್ಳದಷ್ಟು ತೆರಪಿದೆಯೇ ಎಂದು ಬೂಟು ತೊಟ್ಟೇ ನೋಡತಕ್ಕದ್ದು. ಹೊಸದಾಗಿ ಸಜ್ಜುಗೊಂಡ ದೋಣಿಯನ್ನು ನದಿಗೊಯ್ಯುವ ಮುನ್ನ ಆಳವುಳ್ಳ ನಿಂತ ನೀರಿನಲ್ಲಿ, ಪಕ್ಕದಲ್ಲಿ ಒಬ್ಬ ಸಹಾಯಕನಿರುವಾಗ, ಬೇಕೆಂದೇ ಮಗುಚಿ ಹೊರಬರುವುದನ್ನು ಅಭ್ಯಾಸ ಮಾಡಬೇಕು.

ಮೂತಿ ಬಾಲಗಳ ಹಗ್ಗಗಳು ತೇಲುವ ಪಾಲಿಪ್ರೊಪಿಲೀನಿನವಾಗಿ, ಸುಮಾರು ದೋಣಿಯ ಉದ್ದದಷ್ಟಿದ್ದು, ಎಳೆದ ಕೂಡಲೆ ಬಿಡಿಸಿಕೊಳ್ಳುವಂತೆ ಮೇಲಿನ ರಬ್ಬರ್ ಹುರಿಯಡಿ ಮಡಿಸಿಟ್ಟಿರಬೇಕು. ಸಡಿಲವಾಗಿ ಒಳಗೆ ಬಿದ್ದಿರುವ ಹಗ್ಗ ಕಾಲಿಗೆ ಉರುಲು. ನೀರನ್ನು ಹೊರಚೆಲ್ಲಲು ಬಾಯಿ ಕೊಯ್ದ ಪ್ಲಾಸ್ಟಿಕ್ ಡಬ್ಬಿ ಸಾಕು. 12 ವೋಲ್ಟಿನ ವಿದ್ಯುತ್ ಪಂಪನ್ನು ಜೀನಿನೊಳಗೆ ಕೊರೆದು ಕೂರಿಸುವುದು ಈಗಿನವರ ಪದ್ಧತಿ. ಎರಡು ಕೈಗಳೂ ಹುಟ್ಟಿಗೆ ಮೀಸಲಾಗುವುದರಿಂದ ಅದು ಸಾರ್ಥಕವೇ ಸರಿ.

ನದಿಯ ದಡದಲ್ಲಿ

ಬಂಡೆಗೆ ಸುತ್ತಿಕೊಂಡ ದೋಣಿಯನ್ನು ಬಿಡಿಸುವುದೇ ದುರಸ್ತಿಯ ಪ್ರಥಮ ಪಾದ. ಮನುಷ್ಯರೆಲ್ಲರೂ ದಡ ಸೇರಿದ್ದಾರೆಯೇ ಎಂದು ಎಣಿಸಿದ ಮೇಲೆ ದೋಣಿಯ ಯೋಚನೆ. ಹಗ್ಗವನ್ನು ಅಡ್ಡಪಟ್ಟಿಗೆ ಕಟ್ಟಿ ಎಳೆದರೆ ಪಟ್ಟಿ ಕಿತ್ತುಬರುತ್ತದೆ. ಒಡಲನ್ನೇ ಬಳಸುವಂತೆ ಸುತ್ತಿ, ಎಳೆದಾಗ ಒಳಗಣ ನೀರು ಚೆಲ್ಲುವ ದಿಕ್ಕಿಗೆ ದೋಣಿ ಹೊರಳುವಂತೆ ಕಟ್ಟಬೇಕು. ರಾಟೆಗಳ ಮೂಲಕ ಹಗ್ಗವನ್ನು ಇಂಗ್ಲಿಷಿನ ಝೆಡ್ ಅಕ್ಷರದ ಆಕಾರದಲ್ಲಿ ಹಾಯಿಸಿದರೆ ಎಳೆಯುವವರ ಬಲ, ಘರ್ಷಣೆಯ ನಷ್ಟವನ್ನು ಬಿಟ್ಟರೆ, ಮೂರು ಪಟ್ಟಾಗುತ್ತದೆ. ಎಳೆಯುವಾಗ ಹಗ್ಗದ ನೇರದಲ್ಲಿ ಯಾರೂ ನಿಲ್ಲಕೂಡದು.

ಬಿಡಿಸಿ ತಂದ ಒಡಲನ್ನು ದಡದಲ್ಲಿ ಕವಿಚಿ, ತುಳಿದು, ಒದ್ದು ಆಕಾರಕ್ಕೆ ತರುತ್ತಾರೆ. ಮುರಿದ ಅಡ್ಡಪಟ್ಟಿಯ ಸ್ಥಾನಕ್ಕೆ ಅಡವಿಯ ಕೊಂಬೆಯನ್ನು ಕಡಿದು ಹುರಿಯಿಂದ ಬಿಗಿಯಬಹುದು. ಸೀಳಿನ ಇಕ್ಕೆಲದಲ್ಲಿ ದಬ್ಬಳದಿಂದ ರಂಧ್ರ ಮಾಡಿ ತಂತಿಯಿಂದ ಹೊಲಿದು, ಮೈಯನ್ನು ಒಲೆಯ ಶಾಖದಿಂದ ಚೆನ್ನಾಗಿ ಒಣಗಿಸಿ, ಮೇಲೆ ಡಕ್ಟ್ ಟೇಪನ್ನು ಅಗಲವಾಗಿ ಅಂಟಿಸಬಹುದು. ಒದ್ದೆಯ ಮೈಗೆ ಅಂಟಿಸಿದ ಟೇಪು ಮೊದಲ ತಿರುವಿನಲ್ಲಿಯೇ ಕಳಚುತ್ತದೆ. ಮೂರು ಶತಮಾನಗಳ ಹಿಂದಿನ ತುಪ್ಪಳದ ವ್ಯಾಪಾರಿಗಳ ಬೇರು ಮತ್ತು ರಾಳಗಳಿಗೆ ತಂತಿ ಮತ್ತು ಟೇಪು ಉತ್ತರಾಧಿಕಾರಿಗಳಾಗಿವೆ. ಈ ತಾತ್ಕಾಲಿಕ ಏರ್ಪಾಟಿನ ಪ್ರಯೋಜನ ಮನೆ ಸೇರುವುದಷ್ಟೇ. ಮನೆಯಲ್ಲಿ ಅದನ್ನು ಸಂಪೂರ್ಣವಾಗಿ ಕಿತ್ತು, ಟೇಪಿನ ಅಂಟನ್ನು ತೊಳೆದು, ಮೇಲೆ ಹೇಳಿದ ಕ್ರಮದಲ್ಲಿ ಮೊದಲಿನಿಂದ ಆರಂಭಿಸಬೇಕು.

ಎಲ್ಲ ಒಡಲುಗಳೂ ದುರಸ್ತಿಗೆ ಅರ್ಹವಲ್ಲ. ರಾಯಲೆಕ್ಸ್ ಕನೂವಿನ ತಳವನ್ನು ಅಂಗೈಯಿಂದ ಒತ್ತಿ ನೋಡಿದಾಗ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಗೆರೆಯಾಗಿ ಮೆತ್ತಗಾಗಿದ್ದರೆ, ಅಲ್ಲಿ ತಿರುಳು ಪುಡಿಯಾಗಿದೆಯೆಂದು ತಿಳಿಯಬೇಕು. ಹೊರಗಿನ ಪದರ ಎಷ್ಟೇ ಅಖಂಡವಾಗಿ ಕಂಡರೂ ಮುಂದಿನ ಹೊಡೆತಕ್ಕೆ ದೋಣಿ ಅದೇ ಗೆರೆಯಲ್ಲಿ ಕೀಲಿನಂತೆ ಮಡಿಯುತ್ತದೆ. ಅಂಥ ಒಡಲು ನಿಂತ ನೀರಿನಲ್ಲಿ ಮೀನು ಹಿಡಿಯುವವನಿಗೆ ಇನ್ನೂ ಕೆಲವು ಕಾಲ ಉಪಯೋಗಕ್ಕೆ ಬಂದೀತು, ನೊರೆನೀರಿಗೆ ಅದನ್ನು ಮತ್ತೆ ಇಳಿಸಕೂಡದು. ಅದರ ಗಾಳಿಚೀಲ, ತೊಡೆಪಟ್ಟಿ, ಹಗ್ಗ ಹಾಗೂ ಮೇಲಂಚಿನ ಮರವನ್ನು ಬಿಚ್ಚಿಕೊಂಡು ಬೇರೊಂದು ಒಡಲಿಗೆ ಹಾಕಿಕೊಳ್ಳಬಹುದು. ಉಂಗುರಗಳಿಗೂ ಜೀನಿಗೂ ಮಾತ್ರ ಹೊಸ ಅಂಟು ಬೇಕಾಗುತ್ತದೆ.